ಆರ್.ಕೆ. ಅಂದರೆ ಯಾರು ಮಾವ?

ಹಾಸನದಲ್ಲಿ ಕೂತು ಇಷ್ಟೊಂದು ಸಂಗೀತ ಗುಡ್ಡೆ ಹಾಕಿಕೊಂಡಿದ್ದೀರಲ್ಲ, ಕೇಳುವುದು ಯಾವಾಗ ಎಂದು ನನ್ನನ್ನು ಯಾರೂ ಕೇಳಬಾರದು. ಪುಸ್ತಕ ಕೂಡಿಹಾಕುವವರನ್ನು ಹೀಗೆ ಕೇಳುವುದಿಲ್ಲ. ಅವರಿಗೆ ಸನ್ಮಾನ ಮಾಡುತ್ತಾರೆ. ರೇಡಿಯೋದಿಂದ ಕ್ಯಾಸೆಟ್ಟಿಗೆ ಹಿಡಿದದ್ದು, ಕೊಂಡು ತಂದ ಸೀಡಿ, ಮದುವೆಮನೆ ಕಚೇರಿಯಲ್ಲಿ ಮೊಬೈಲಿಗೆ ಸಿಕ್ಕಿದ್ದು ಎಲ್ಲವೂ ಒಂದೊಂದಾಗಿ ಕಂಪ್ಯೂಟರಿಗಿಳಿದು ಐಟ್ಯೂನ್ಸಿನೊಳಗೆ ಸೇರಿಕೊಂಡವು. ಆಪಲ್‌ನವರು 2001ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಒಂದು ಅಭ್ಯಾಸವಿತ್ತು. ಯಾವ ಹಾಡು, ಯಾರದು, ಎಷ್ಟು ಹೊತ್ತಿನದು, ಡಿಸ್ಕಿನಲ್ಲಿ ಎಲ್ಲಿದೆ, ಎಷ್ಟು ಸಲ ಕೇಳಿದ್ದು ಎಂಬುದನ್ನೆಲ್ಲ ಸದ್ದಿಲ್ಲದೆ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡುತ್ತಿತ್ತು. ಕೊನೆಯ ಲೆಕ್ಕವೊಂದು ಮಾತ್ರ ಮನೆಯವರ ಕೈಗೆ ಸಿಗಬಾರದು.

ದಸರೆ ರಜೆಗೆ ಬಂದಿದ್ದ ಅಕ್ಕನ ಮಗ ಆ ಕಡತ ನೋಡಿದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಹೆಚ್ಚುಕಡಿಮೆ ಐವತ್ತು ಎಂ.ಬಿ. ಇದ್ದ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಂಪ್ಯೂಟರು ತಿಣುಕುತ್ತಿತ್ತು. "ಇದಕ್ಯಾಕೆ ಮಾವ ತಲೆ ಕೆಡಿಸ್ಕೊಂಡಿದೀರಿ? ಪೈಥಾನಲ್ಲಿ ಇಪ್ಪತ್ತು ಸಾಲು ಬರೆದ್ರೆ ರಾಗವಾರು, ವಿದ್ವಾಂಸರವಾರು ಪಟ್ಟಿ ಬರುತ್ತೆ" ಅಂದ. ಮಾಡಪ್ಪ ಅಂದೆ.

ಕಡತದ ರಚನೆಯೇ ವಿಚಿತ್ರ. ನಮ್ಮ ಕಡೆ ಮದುವೆಯ ಮುಯ್ಯಿ ಪುಸ್ತಕದಲ್ಲಿ ಹೆಸರಿನ ಎದುರಿಗೇ ಮೊತ್ತ ಬರೆಯುತ್ತಾರೆ. ಅದನ್ನು ಬಿಟ್ಟು ಒಂದು ಸಾಲಿಗೆ ಹೆಸರು, ಅದರ ಕೆಳಗಿನ ಸಾಲಿಗೆ ಮೊತ್ತ ಎಂದು ಬರೆಯುತ್ತಾ ಹೋದರೆ? ನಡುವೆ ಒಂದು ಸಾಲು ತಪ್ಪಿದರೂ ಅಲ್ಲಿಂದ ಮುಂದೆ ಎಲ್ಲರ ಮುಯ್ಯಿಯೂ ಪಕ್ಕದವರ ಲೆಕ್ಕಕ್ಕೆ. ಈ ಕಡತವೂ ಹಾಗೇ: 'ಕಲಾವಿದರು' ಎಂಬ ಕೀಲಿ ಒಂದು ತುಂಡು, ಹೆಸರು ಅದರ ಮುಂದಿನ ಬೇರೆ ತುಂಡು. ಪುಣ್ಯಕ್ಕೆ ಪೈಥಾನಿನ ಜೊತೆಗೇ ಪಿ-ಲಿಸ್ಟ್ ಎಂಬ ಈ ಬಗೆಯ ಕಡತ ಓದುವ ಸಲಕರಣೆ ಬರುತ್ತದೆ. ಕೆಲವೇ ಕ್ಷಣದಲ್ಲಿ ನನ್ನ ಜೀವಮಾನದ ಸಂಗ್ರಹವೆಲ್ಲ ಜೋಡಿಜೋಡಿಯಾಗಿ ಹೊರಬಂತು. ಹುಡುಗ ಕಾಫಿ ಕೇಳಿದ.

ಕಾಫಿ ಬರುವಷ್ಟರಲ್ಲಿ ಅವನ ಮುಖ ಸಣ್ಣಗಾಗಿತ್ತು. ಪಟ್ಟಿಯಲ್ಲಿ ತೋಡಿ ರಾಗ ಎರಡು ಕಡೆ ಇತ್ತು. ಒಂದೇ ಅಕ್ಷರ, ಒಂದೇ ಕೊಂಬು, ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣದು. ಆದರೂ ಯಂತ್ರ ಇವೆರಡೂ ಬೇರೆ ಎಂದು ಹಟ ಹಿಡಿದಿತ್ತು. ಅಗೆದು ನೋಡಿದಾಗ ತಿಳಿದದ್ದು ಇಷ್ಟು: ಯೂನಿಕೋಡಿನಲ್ಲಿ 'ತೋ' ಬರೆಯಲು ಎರಡು ದಾರಿ. ತಕಾರಕ್ಕೆ ಓತ್ವವನ್ನು ಇಡಿಯಾಗಿ ಹಚ್ಚುವುದು ಒಂದು. ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿ ಹಚ್ಚುವುದು ಇನ್ನೊಂದು. ಮೊದಲನೆಯದರಲ್ಲಿ ತೋಡಿಗೆ ನಾಲ್ಕು ಸಂಕೇತ, ಎರಡನೆಯದರಲ್ಲಿ ಆರು. ನಾನು ಟೈಪು ಮಾಡಿದ್ದು ಇಡಿ ಓತ್ವ. ಹಳೆಯ ಮ್ಯಾಕ್ ಕಂಪ್ಯೂಟರು ಕಡತದ ಹೆಸರುಗಳನ್ನು ಬಿಡಿಸಿ ಇಡುವ ಜಾತಿಯದು. ಸಾಲದ್ದಕ್ಕೆ ಆ ಹೆಸರುಗಳೆಲ್ಲ ಪರ್ಸೆಂಟ್ ಗುರುತಿನ ವೇಷದಲ್ಲಿದ್ದವು. ರುದ್ರಪಟ್ಟಣ ಎಂಬ ಊರಿನ ಹೆಸರಿನ 'ರು' ಒಂದಕ್ಕೇ ಹದಿನೆಂಟು ಚಿಹ್ನೆ! ಬಿಡಿಸಿದ್ದನ್ನು ಮತ್ತೆ ಕೂಡಿಸುವ ಒಂದು ಸಾಲು ಸೇರಿಸಿದ. ತೋಡಿ ಒಂದಾಯಿತು.

ಒಂದಾಗಿದ್ದೇ ಕಷ್ಟವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರ 'ಮಂದ್ರ' ಓದಿದ ಮೇಲೆ ನನಗೆ ಹಿಂದೂಸ್ತಾನಿಯ ಗೀಳೂ ಹತ್ತಿತ್ತು. ಆ ಪದ್ಧತಿಯ ತೋಡಿ ನಮ್ಮ ತೋಡಿಯಲ್ಲ. ಅದರ ಸ್ವರಗಳು ನಮ್ಮ ಶುಭಪಂತುವರಾಳಿಯವು. ಕೂಡಿಸಿದ್ದನ್ನು ಮತ್ತೆ ಬೇರೆ ಮಾಡಬೇಕಾಯಿತು. "ಕರ್ನಾಟಕಿ ಯಾವುದು, ಹಿಂದೂಸ್ತಾನಿ ಯಾವುದು ಅಂತ ಹಾಡಿನ ಟ್ಯಾಗಲ್ಲಿ ಇರಲ್ವಾ ಮಾವ?" ಎಲ್ಲಿಂದ ಬರಬೇಕು? 1996ರಲ್ಲಿ ಬಂದ ಐಡಿ3 ಎಂಬ ಟ್ಯಾಗು ಹಾಡಿನ ಬಾಲಕ್ಕೆ ಕಟ್ಟಿದ ಬರೀ 128 ಬೈಟಿನ ಚೀಟಿ. ಸಂಗೀತದ ಪ್ರಕಾರಕ್ಕೆ ಮೊದಲು ಕೊಟ್ಟಿದ್ದ ಎಂಬತ್ತು ಹೆಸರುಗಳಲ್ಲಿ ಪೋಲ್ಕಾ ಇದೆ, ಕರ್ನಾಟಕ ಸಂಗೀತವಿಲ್ಲ. ಹಾಡಿನ ಹೆಸರಿಗೆ 30 ಬೈಟು. ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟು ನುಂಗುವುದರಿಂದ ತ್ಯಾಗರಾಜರ 'ಜಗದಾನಂದಕಾರಕ' ಅದರಲ್ಲಿ ಹಿಡಿಸದು. ಕೊನೆಯ ಕಕಾರ ಉದುರಿ 'ಜಗದಾನಂದಕಾರ' ಎಂದು, ಯಾವುದೋ ಹೊಸ ಮಾದರಿಯ ಗಾಡಿಯ ಹಾಗೆ ನಿಲ್ಲುತ್ತದೆ.

ರಾಗ ಹೋಗಲಿ, ವಿದ್ವಾಂಸರ ಪಟ್ಟಿಗೆ ಬಂದೆವು. ರುದ್ರಪಟ್ಟಣ, ರುದ್ರಪಟ್ನ, ರುದ್ರಪಟ್ಟಣಂ, ಬರೀ 'ರುದ್ರಪಟ್ಟಣ ಶ್ರೀಕಂಠನ್', ಚುಕ್ಕೆಯಿರುವ ಆರ್.ಕೆ., ಚುಕ್ಕೆಯಿಲ್ಲದ ಆರ್ ಕೆ. ಇದರಲ್ಲಿ ನಮಗೇನೂ ಕಷ್ಟವಿಲ್ಲ. ಬಸ್ಸಿನ ಬೋರ್ಡಿನಲ್ಲಿ ಎಚ್.ಎನ್.ಪುರ ಎಂದಿದ್ದರೂ ಹೊಳೆನರಸೀಪುರ ಎಂದಿದ್ದರೂ ಹತ್ತುವವರು ಹತ್ತುತ್ತಾರೆ. ಯಂತ್ರಕ್ಕೆ ಆ ಅಂದಾಜಿಲ್ಲ. ಹುಡುಗ ಹೆಸರುಗಳ ಹೋಲಿಕೆ ಅಳೆಯುವ ಒಂದು ಉಪಾಯ ಹೂಡಿದ: ಇಷ್ಟು ಪಾಲು ಹೊಂದಿದರೆ ಒಬ್ಬರೇ ಎಂದುಕೊ. ಓಡಿಸಿದ. ಇಡೀ ರುದ್ರಪಟ್ಟಣ ಒಬ್ಬರೇ ವಿದ್ವಾಂಸರಾಗಿಬಿಟ್ಟಿತು.

"ಆರ್.ಕೆ. ಅಂದ್ರೆ ಯಾರು ಮಾವ?"

ಎಲ್ಲಿಂದ ಹೇಳಲಿ? ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಆ ಪುಟ್ಟ ಊರು ಸಂಗೀತಕ್ಕೆ ಕೊಟ್ಟವರನ್ನು ಎಣಿಸಿದರೆ ಉಳಿದ ತಾಲ್ಲೂಕಿನವರಾದ ನಾವು ತಲೆ ತಗ್ಗಿಸಬೇಕು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ನಾಡಿಗೆಲ್ಲ ಪಾಠ ಹೇಳಿದವರು. 1995ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ, ತೊಂಬತ್ತು ದಾಟಿದ ಮೇಲೂ ವೇದಿಕೆ. ಅವರ ಅಣ್ಣ ಆರ್.ಕೆ. ವೆಂಕಟರಾಮಶಾಸ್ತ್ರಿಗಳದು ಪಿಟೀಲು. ಆರ್.ಕೆ. ಸೂರ್ಯನಾರಾಯಣ ಅವರದು ವೀಣೆ. ಆರ್.ಕೆ. ರಾಮನಾಥನ್ ಗಾಯಕರು. ಊರಿನಲ್ಲಿ ತಂಬೂರಿಯ ಆಕಾರದ ಮಂದಿರ ಕಟ್ಟಿಸಿ ಸಂಗೀತೋತ್ಸವ ನಡೆಸುವ ಆರ್.ಕೆ. ಪದ್ಮನಾಭ ಅವರೂ ಗಾಯಕರೇ. ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಅಂದರೆ ರುದ್ರಪಟ್ಟಣಂ ಸಹೋದರರು. 'ಆರ್' ಊರು, 'ಕೆ' ಆಯಾ ತಂದೆಯವರ ಹೆಸರು. ಹೋಲಿಕೆಯ ಬಲೆ ಸಡಿಲಿಸಿದರೆ ಎಲ್ಲರೂ ಒಬ್ಬರು, ಬಿಗಿ ಮಾಡಿದರೆ ಒಬ್ಬರೇ ಶ್ರೀಕಂಠನ್ ಆರು ಜನ. ಕೊನೆಗೆ ನಾನು ಬಾಯಲ್ಲಿ ಹೇಳಿದ್ದನ್ನು ಅವನು ಕೈಯಾರೆ ಕೋಷ್ಟಕ ಮಾಡಿದ. ಇಂಥ ಕೆಲಸಕ್ಕೆ ಈಗಲೂ ಬೇರೆ ದಾರಿ ಇರುವಂತೆ ನನಗೆ ಕಾಣುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೇಳಕರ್ತ ರಾಗಗಳ ಹೆಸರಿನೊಳಗೇ ಅವುಗಳ ಸಂಖ್ಯೆ ಅಡಗಿದೆ ಕಣೋ ಎಂದು ನಾನು ಬಾಯಿಬಿಟ್ಟೆ. ಕಟಪಯಾದಿ ಲೆಕ್ಕ: ಮೇಚಕಲ್ಯಾಣಿಯ ಮ ಐದು, ಚ ಆರು; ತಿರುಗಿಸಿದರೆ 65, ಅದೇ ಅದರ ಮೇಳ. ಧೀರಶಂಕರಾಭರಣ 29. ಹುಡುಗನ ಕಣ್ಣು ಅರಳಿತು. "ಇದಂತೂ ಪ್ರೋಗ್ರಾಮಿಗೆ ಅಂತಲೇ ಮಾಡಿದ ಹಾಗಿದೆ!" ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಹಿಡಿಯಬೇಕು ಎಂಬ ಶಾಸ್ತ್ರವನ್ನೂ ನಾನೇ ಹೇಳಿಕೊಟ್ಟೆ. ಅವನು ಹಾಗೇ ಬರೆದ. ಚಕ್ರವಾಕದ 'ಕ್ರ'ದಲ್ಲಿ ಅದು ರಕಾರ ಹಿಡಿದು 16ರ ಬದಲು 26 ಎಂದಿತು. 26 ಎಂದರೆ ಚಾರುಕೇಶಿ. ನನ್ನ ಚಕ್ರವಾಕಗಳೆಲ್ಲ ಚಾರುಕೇಶಿಗಳಾಗಿ ಸಾಲಾಗಿ ನಿಂತವು. ಹಾಗಾದರೆ ಒತ್ತಿನಲ್ಲಿ ಯಾವಾಗಲೂ ಮೊದಲನೆಯದನ್ನೇ ಹಿಡಿಯಲೇ ಎಂದ. ಸಿಂಹೇಂದ್ರಮಧ್ಯಮದ ಸೊನ್ನೆಯನ್ನು ಮಕಾರವೆಂದು ಓದಿದರೆ ಮಾತ್ರ 57 ಬರುವುದು, ಅಲ್ಲೇನು ಮಾಡುತ್ತೀಯ ಎಂದೆ. ಅವನು ಹೆಗಲು ಕುಣಿಸಿ ಅಪವಾದಗಳಿಗೆ ಇನ್ನೊಂದು ಕೋಷ್ಟಕ ಶುರುಮಾಡಿದ.

ಇಪ್ಪತ್ತು ಸಾಲಿನ ಪ್ರೋಗ್ರಾಮು ಪುಟಗಟ್ಟಲೆ ಬೆಳೆದಿತ್ತು. ಅಷ್ಟರಲ್ಲಿ ಅಕ್ಕನ ಫೋನು: "ಅವನೇನು ರಜಕ್ಕೆ ಬಂದಿರೋದೋ, ನಿನ್ನ ಮನೆ ಜೀತಕ್ಕೆ ಬಂದಿರೋದೋ?"