ಲೈನ್ ಬಂತೇನ್ರೀ?

ವಿಜಯಪುರ ಜಿಲ್ಲೆಯ ತಿಕೋಟಾದ ತೋಟದ ದಾರಿಯಲ್ಲಿ ಯಾರಾದರೂ ‘ಲೈನ್ ಬಂತೇನ್ರೀ?’ ಎಂದು ಕೇಳಿದರೆ ಅದು ಕರೆಂಟಿನ ಮಾತು. ಮೋಟಾರು ಚಾಲೂ ಆಗಲು ತ್ರೀಫೇಸ್ ಬರಬೇಕು. ಬಬಲೇಶ್ವರದ ಕಡೆ ಅದೇ ಪ್ರಶ್ನೆ ನೀರಿನ ಪೈಪಿನದೂ ಆದೀತು. ದ್ರಾಕ್ಷಿ ತೋಟ ಹೊಕ್ಕರೆ ಬಳ್ಳಿಯ ಸಾಲು ಲೈನ್, ಡ್ರಿಪ್ಪಿನ ದೊಡ್ಡ ಪೈಪು ಮೇನ್ ಲೈನ್. ಓದು ಮುಗಿಸಿದ ಮಗನ ಬಗ್ಗೆ ಕೇಳುವುದು, ‘ಯಾವ ಲೈನ್ ಹಿಡದಾನ?’ ವಿಜಯಪುರದ ಬ್ಯಾಂಕಿಗೆ ಹೋದರೆ, ‘ಲೈನಿನ್ಯಾಗ ನಿಂದರ್ರಿ.’

ಈ ಕೊನೆಯದಕ್ಕೆ ಮಾತ್ರ ನನ್ನ ತಕರಾರಿದೆ. ನಮ್ಮಲ್ಲಿ ‘ಪಾಳಿ’ ಇದೆಯಲ್ಲ! ‘ನನ್ನ ಪಾಳಿ’ ಅಂದಾಗ ಅದರಲ್ಲಿ ನನ್ನ ಹಕ್ಕೂ ಸೇರಿರುತ್ತದೆ. ಲೈನಿಗೆ ಆ ಬಲವಿಲ್ಲ.

ಆದರೆ ಈ ಶಬ್ದ ಪೂರಾ ಪರಕೀಯವೂ ಅಲ್ಲ. ಅದರ ಬೇರು ಲ್ಯಾಟಿನ್ನಿನ ‘ಲೀನುಮ್’, ಅಂದರೆ ಅಗಸಿ. ಅಗಸಿ ನಾರಿನ ದಾರ ‘ಲೀನೆಯಾ’ ಆಯಿತು, ದಾರ ಹಿಡಿದು ಎಳೆದ ಗೆರೆಗೂ ಅದೇ ಹೆಸರು ನಿಂತಿತು. ನಮ್ಮ ಎರಿ ಹೊಲದಲ್ಲಿ ಹಿಂಗಾರಿಗೆ ಬಿತ್ತುವ, ಹಿಂಡಿಯಾಗಿ ಬಿಳಿಜೋಳದ ರೊಟ್ಟಿಯ ಪಕ್ಕ ಕೂಡುವ ಅದೇ ಅಗಸಿ! ಯುರೋಪಿನವರು ನಾರು ಸುಲಿದರು, ನಾವು ಬೀಜ ಕುಟ್ಟಿದೆವು. ಊರ ಹೆಬ್ಬಾಗಿಲೂ ನಮಗೆ ಅಗಸಿಯೇ. ಹಲವು ಅರ್ಥ ಹೊರುವುದು ನಮ್ಮ ಮಾತಿಗೂ ಗೊತ್ತು.

ಪೈಪ್‌ಲೈನ್ ಎಂಬ ಹೆಸರು ಹೊಸದಾದರೂ ವಸ್ತು ಹಳೆಯದು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ವಿಜಯಪುರದೊಳಗೆ ನೀರು ಬರುತ್ತಿತ್ತು. ನೀರಿನ ಒತ್ತಡ ತಗ್ಗಿಸಲು ಅಲ್ಲಲ್ಲಿ ‘ಗಂಜ್’ ಎಂಬ ಗೋಪುರ ಎಬ್ಬಿಸಿದ್ದರು. ಕೆಲವು ಇಂದಿಗೂ ನಿಂತಿವೆ, ಹೋಗಿ ನೋಡಬೇಕು.

ಆಮೇಲೆ ಬಂದದ್ದು ರೈಲಿನ ಲೈನ್. 1884ರಲ್ಲಿ ವಿಜಯಪುರದ ಮೇಲೆ ಹಾಯುವ ಹೋಟಗಿ–ಗದಗ ಮೀಟರ್‌ಗೇಜ್ ಹಾದಿ ಬಂತು. ರೈಲಿನವರಲ್ಲಿ ‘ಲೈನ್ ಕ್ಲಿಯರ್’ ಎಂಬ ಮಾತಿದೆ. ಮುಂದಿನ ಸ್ಟೇಷನ್ನಿನಿಂದ ಅದು ಸಿಗದೆ ಗಾಡಿ ಬಿಡುವಂತಿಲ್ಲ. ಕರೆಂಟಿನ ಕಂಬ ಹತ್ತುವವರಿಗೂ ಅದೇ ಮಾತು, ಚಿಕ್ಕದಾಗಿ ಎಲ್‌ಸಿ. ‘ಎಲ್‌ಸಿ ತಗೊಂಡೀನಿ’ ಅಂದರೆ ಆ ಲೈನ್ ಬಂದ್ ಆಗಿದೆ, ವಾಪಸ್ ಕೊಡುವ ತನಕ ಚಾಲೂ ಮಾಡುವುದಿಲ್ಲ ಎಂಬ ಖಾತ್ರಿ. ಈ ಶಬ್ದದ ಅಷ್ಟೂ ಅರ್ಥಗಳಲ್ಲಿ ನನಗೆ ಇದೇ ದೊಡ್ಡದು. ಒಂದು ಮನೆಯ ದುಡಿಯುವ ಜೀವ ಅದನ್ನು ನಂಬಿ ಮೇಲೆ ಹತ್ತಿರುತ್ತದೆ.

ತೋಟ ಒಣಗುವಾಗಿನ ಅವಸರ ನನಗೂ ಗೊತ್ತು. ಆದರೂ ಲೈನ್‌ಮನ್ ಕಂಬದ ಮೇಲಿದ್ದಾಗ ಟ್ರಾನ್ಸ್‌ಫಾರ್ಮರಿಗೆ ಕೈ ಹಚ್ಚಬೇಡಿ, ಜನರೇಟರಿನ ಕರೆಂಟು ಲೈನಿಗೆ ಹಾಯಲು ಬಿಡಬೇಡಿ. ಅವನು ಇಳಿದು ಎಲ್‌ಸಿ ವಾಪಸ್ ಕೊಡುವ ತನಕ ತಡೀರಿ.