ಅರಿವಿಗೊಂದು ತೇಪೆ

ಲಿಂಗಸುಗೂರಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ನಾನು ಅಡುಗೆಗೆ ನೆರವಾಗಹೊರಟೆ. ಒಲೆ ಹಚ್ಚುವ ಮೊದಲೇ, ಈಳಿಗೆ ಎತ್ತಿಡುವಾಗ ಅದರ ಅಲಗು ಗ್ಯಾಸಿನ ಕೊಳವೆಗೆ ತಾಗಿತು. ಸಣ್ಣ ಗೀರು, 'ಸುಸ್' ಎಂಬ ಸದ್ದು, ಕೊಳೆತ ವಾಸನೆ. ಎಂ.ಎ. ಓದಿದ ನಾನು ಮಾಡಿದ್ದೇನು? ವಾಸನೆ ಹೋಗಲೆಂದು ಫ್ಯಾನಿನ ಗುಂಡಿಗೆ ಕೈಚಾಚಿದೆ.

"ಗುಂಡಿ ಮುಟ್ಟಬ್ಯಾಡೋ ತಮ್ಮಾ!" ಅವ್ವ ಕೂಗಿದಳು. ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಅಂಗಳಕ್ಕೆ ಅಟ್ಟಿದಳು. ಅಲ್ಲಿಂದ 1906ಕ್ಕೆ ಫೋನು ಮಾಡಿದೆವು. ಈ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಗುಂಡಿಯ ಒಂದು ಕಿಡಿ ಸಾಕು. ಸಿಲಿಂಡರು ತರುವ ಹುಡುಗ ಇದನ್ನೆಲ್ಲ ಹೇಳಿದ್ದಾಗ ಅವ್ವ ಕೇಳಿಸಿಕೊಂಡಿದ್ದಳು. ನಾನು ಪತ್ರಿಕೆಯಲ್ಲಿ ಮುಳುಗಿದ್ದೆ.

ಗೀರಿಗೆ ಟೇಪು ಸುತ್ತಿದರಾಯಿತೆಂದೆ. "ತ್ಯಾಪಿ ಅರಿವಿಗೆ ಹಾಕ್ತಾರ, ಇಂಥಾದ್ದಕ್ಕಲ್ಲ" ಎಂದಳು. ಹೊಸ ಕೊಳವೆಯೇ ಬಂತು.

ನಮ್ಮ ಕಡೆ ಅರಿವಿಯೆಂದರೆ ಬಟ್ಟೆ. ಕನ್ನಡದ ಮೇಷ್ಟ್ರಿಗೆ ಅಂದು ಕೇಳಿಸಿದ ಅರ್ಥವೇ ಬೇರೆ.