ಸಾಲಗಾರನ ಮುಖ

ಉರ್ದು ತರಗತಿಯಲ್ಲಿ ನಾವು ಕಲಿತ 'ಸಾಲ್' ಎಂದರೆ ವರ್ಷ. ಕನ್ನಡ ಮೇಷ್ಟ್ರು ಕಲಿಸಿದ 'ಸಾಲ' ಎಂದರೆ ಕಡ. ಸರಕಾರಗಳು ಹೊರಡಿಸುವ ಬಾಂಡಿನಲ್ಲಿ ಈ ಎರಡೂ ಕೂಡಿಕೊಂಡಿವೆ: ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಸಾಲ, ಆಗಾಗ ಬಡ್ಡಿ, ಗಡುವು ಮುಗಿದಾಗ ಅಸಲು.

ದುಬೈ, ದಮ್ಮಾಮ್‌ಗಳಲ್ಲಿ ದುಡಿಯುವ ನಮ್ಮ ಮನೆಗಳ ಹುಡುಗರು ಈಗ ಸೈಟು, ಚಿನ್ನದ ಜೊತೆಗೆ ಈ ಬಾಂಡುಗಳ ಮಾತನ್ನೂ ಆಡುತ್ತಾರೆ. ಬ್ರೆಜಿಲ್, ಟರ್ಕಿ, ಇಂಡೋನೇಷ್ಯಾ ಮುಂತಾದ ಹತ್ತಾರು ದೇಶಗಳ ಸಾಲಪತ್ರಗಳನ್ನು ಒಂದೇ ಬುಟ್ಟಿಗೆ ಹಾಕಿ, ಆ ಬುಟ್ಟಿಯ ಸಣ್ಣ ಸಣ್ಣ ಪಾಲುಗಳನ್ನು ಷೇರಿನ ಹಾಗೆ ಮಾರುತ್ತಾರೆ. ಇದೇ ಇಟಿಎಫ್. ಒಂದು ಪಾಲು ಕೊಂಡವನು ಏಕಕಾಲಕ್ಕೆ ಅಷ್ಟೂ ದೇಶಗಳ ಸಾಹುಕಾರ!

ಬಡ್ಡಿಯ ವಿಷಯದಲ್ಲಿ ಮುಸ್ಲಿಮರಾದ ನಮ್ಮ ತಕರಾರು ಹಳೆಯದು. ಸುಕೂಕ್‌ಗಳದ್ದೇ ಇಟಿಎಫ್ ಬಂದಿದೆಯಲ್ಲ ಎಂದು ಹುಡುಗರು ಉತ್ತರಿಸುತ್ತಾರೆ. ನಿಜ. ಆದರೆ ನಮ್ಮ ಹಿರಿಯರನ್ನು ಕಾಡುತ್ತಿದ್ದುದು ಬಡ್ಡಿಯೊಂದೇ ಅಲ್ಲ, ಕಷ್ಟಕ್ಕೆ ಸಿಕ್ಕ ಸಾಲಗಾರನ ಅವಸ್ಥೆ ಕೂಡ. ಅಂಥವನಿಗೆ ಕಾಲಾವಕಾಶ ಕೊಡಬೇಕೆಂದು ಧರ್ಮವೇ ಹೇಳುತ್ತದೆ. ಅವಕಾಶ ಕೊಡಬೇಕಾದರೆ ಮೊದಲು ಅವನ ಮುಖ ಕಾಣಬೇಕು. ಬುಟ್ಟಿಯಲ್ಲಿ ಅದು ಕಾಣುವುದಿಲ್ಲ.

ಶ್ರೀಲಂಕಾವನ್ನೇ ನೋಡಿ. 2022ರ ಜನವರಿಯಲ್ಲಿ ಅಲ್ಲಿ ಹಾಲಿನ ಪುಡಿಗೆ, ಅಡುಗೆ ಅನಿಲಕ್ಕೆ ಜನ ಸಾಲು ನಿಂತಿದ್ದರು. ಬಾಂಡಿನ ಹಣ ತಡೆಹಿಡಿದು ಆ ಡಾಲರಿನಲ್ಲಿ ಆಹಾರ, ಔಷಧ ತರಿಸಿ ಎಂದು ಅರ್ಥಶಾಸ್ತ್ರಜ್ಞರು ಕೇಳಿಕೊಂಡರು. ಸರಕಾರ ಜನವರಿ 18ರಂದು 50 ಕೋಟಿ ಡಾಲರನ್ನು ಪೂರ್ತಿ ತೀರಿಸಿತು. ಮೂರು ತಿಂಗಳೂ ಕಳೆಯಲಿಲ್ಲ, ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಸುಮಾರು 1,250 ಕೋಟಿ ಡಾಲರಿನ ಹಳೆಯ ಬಾಂಡುಗಳನ್ನು ಹೊಸ ಷರತ್ತಿನ ಬಾಂಡುಗಳಿಗೆ ಬದಲಿಸಿಕೊಳ್ಳುವಷ್ಟರಲ್ಲಿ 2024ರ ಡಿಸೆಂಬರ್ ಬಂದಿತ್ತು.

ಬುಟ್ಟಿ ಹಿಡಿದವನಿಗೆ ಇದರ ಪೆಟ್ಟು ಸಣ್ಣದು. ಒಂದು ದೇಶ ಕೈಯೆತ್ತಿದರೆ ಉಳಿದವು ಕಟ್ಟುತ್ತಲೇ ಇರುತ್ತವೆ; ಅಪಾಯ ಹಂಚಿಹೋಗುತ್ತದೆ. ಕೊಲಂಬೋದ ತಾಯಿಗೆ ಹಂಚಿಕೊಳ್ಳಲು ಇನ್ನೊಂದು ದೇಶವಿರಲಿಲ್ಲ.

ಯಾವ ನಾಣ್ಯದ ಸಾಲ ಎಂಬುದೂ ಮುಖ್ಯ. ಡಾಲರ್ ಸಾಲದಲ್ಲಿ ಸ್ವಂತ ನಾಣ್ಯ ಕುಸಿದರೆ ಪೆಟ್ಟು ಪಡೆದವನಿಗೆ. ಡಾಲರನ್ನು ಅವನು ಅಚ್ಚು ಹಾಕಲಾರ. ಸಾಲ ಅವನದೇ ನಾಣ್ಯದಲ್ಲಿದ್ದರೆ ಆ ಪೆಟ್ಟು ಕೊಟ್ಟವನಿಗೆ. ನಮ್ಮ ಸರಕಾರದ ರೂಪಾಯಿ ಬಾಂಡುಗಳು ಎರಡನೆಯ ಬಗೆಯವು. 2024ರ ಜೂನ್ 28ರಿಂದ ಜೆಪಿ ಮೋರ್ಗನ್ ಸೂಚ್ಯಂಕಕ್ಕೆ ಸೇರತೊಡಗಿದ ಇವುಗಳ ಪಾಲನ್ನು 2025ರ ಮಾರ್ಚಿನ ಹೊತ್ತಿಗೆ ಶೇಕಡಾ 10ಕ್ಕೆ ಏರಿಸುವುದೆಂದು ಗೊತ್ತುಮಾಡಲಾಗಿತ್ತು. ಆ ಸೂಚ್ಯಂಕವನ್ನು ಅನುಸರಿಸುವ ನಿಧಿಯಲ್ಲಿ ದುಬೈಯ ಹುಡುಗ ಹಣ ಹಾಕಿದರೆ ಅವನು ಸಾಲ ಕೊಟ್ಟವನು, ಊರಿನಲ್ಲಿರುವ ಅವನ ತಾಯಿ ಸಾಲ ತೀರಿಸುವವಳು. ಬೆಂಕಿಪೊಟ್ಟಣ ಕೊಂಡಾಗಲೂ ಆಕೆ ತೆರಿಗೆ ಕಟ್ಟುತ್ತಾಳಲ್ಲ!

ಹೂಡಬೇಡಿ ಎಂಬುದು ನಮ್ಮ ಮಾತಲ್ಲ. ರಸ್ತೆ, ಆಸ್ಪತ್ರೆಗಳಿಗೂ ಸರಕಾರಗಳು ಸಾಲ ಎತ್ತುತ್ತವೆ. ಆದರೆ ಶೇಕಡಾ ಎಷ್ಟು ಸಿಗುತ್ತದೆ ಎಂದು ಕೇಳುವ ಹುಡುಗ ಯಾವ ದೇಶ, ಯಾರ ನಾಣ್ಯ, ಅಲ್ಲಿನ ಜನ ಹೇಗಿದ್ದಾರೆ ಎಂದೂ ಕೇಳಲಿ. ಬುಟ್ಟಿಯೊಳಗಿನ ದೇಶಗಳ ಪಟ್ಟಿ ಗುಟ್ಟಿನದೇನಲ್ಲ, ನಿಧಿಯವರೇ ಪ್ರಕಟಿಸುತ್ತಾರೆ. ಅದನ್ನು ಓದುವ ವ್ಯವಧಾನ ನಮಗಿರಬೇಕು, ಅಷ್ಟೆ.